ಮನೆಯ ಗಣಕಯಂತ್ರ: ತೆರೆಯದ ಪುಟಗಳು, ತಾವಾಗಿ ತೆರೆಯುವ ಪುಟಗಳು

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೊದಲಾದವು ಅದರ ಬಗೆಗಳು. ಪಿಂಚಣಿಯ ವಿವರ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ವಿದ್ಯುತ್ ಬಿಲ್ಲು, ರೈಲಿನ ಟಿಕೆಟ್ಟು ಇವೆಲ್ಲವೂ ಇಂದು ಈ ಒಂದು ಕಿಟಕಿಯ ಮೂಲಕವೇ ಮನೆಯೊಳಕ್ಕೆ ಬರುತ್ತಿವೆ. ಆದುದರಿಂದ ಆ ಕಿಟಕಿ ಮುಚ್ಚಿಕೊಂಡರೆ ಅಥವಾ ಅದರಲ್ಲಿ ಏನಾದರೂ ವಿಪರೀತ ಕಾಣಿಸಿದರೆ ಮನೆಮಂದಿಗೆಲ್ಲ ಗಾಬರಿಯಾಗುವುದು ಸಹಜ. ಈ ಗಾಬರಿಯಲ್ಲಿ ನಮ್ಮ ಮನೆತನದಲ್ಲಿಯೇ ಎರಡು ಸಲ ಪೆಟ್ಟು ತಿಂದಿದ್ದೇವೆ. ಒಮ್ಮೆ ಯಂತ್ರವನ್ನು ಅಪರಿಚಿತ ಧ್ವನಿಯೊಂದಕ್ಕೆ ಒಪ್ಪಿಸಿದೆವು. ಇನ್ನೊಮ್ಮೆ ರಿಪೇರಿಯ ಅಂಗಡಿಗೆ ಒಪ್ಪಿಸಿದೆವು. ಎರಡೂ ಸಲ ಹತ್ತು ನಿಮಿಷ ಕುಳಿತು ನೋಡಿದ್ದರೆ ಸಾಕಾಗುತ್ತಿತ್ತು.

ಮೊದಲಿನದು ಧಾರವಾಡದಲ್ಲಿರುವ ನಮ್ಮ ದೊಡ್ಡಪ್ಪನವರ ಮನೆಯಲ್ಲಿ ನಡೆದದ್ದು. ಅವರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಎಪ್ಪತ್ತನ್ನು ದಾಟಿದ ಮೇಲೆ ಮೊಮ್ಮಗಳಿಂದ ಗಣಕಯಂತ್ರ ಕಲಿತವರು. ಒಂದು ಮಧ್ಯಾಹ್ನ ಹಳೆಯ ಚಲನಚಿತ್ರಗೀತೆಯೊಂದನ್ನು ಹುಡುಕುತ್ತಿದ್ದಾಗ ಪರದೆಯೆಲ್ಲ ಕೆಂಪಾಗಿ, ಸೈರನ್ನಿನಂತಹ ಸದ್ದು ಹೊರಟು, ಹೆಣ್ಣು ಧ್ವನಿಯೊಂದು ಇಂಗ್ಲಿಷಿನಲ್ಲಿ ಎಚ್ಚರಿಸತೊಡಗಿತು. ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಆರಿಸಬೇಡಿ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬುದು ಅದರ ಸಾರಾಂಶ. ಪರದೆಯ ಮೇಲೆ ಧಾರವಾಡದ ಹೆಸರೂ ಇತ್ತು. ತಮ್ಮ ಊರಿನ ಹೆಸರನ್ನೇ ಕಂಡ ಮೇಲೆ ಅವರಿಗೆ ಸಂಶಯ ಉಳಿಯಲಿಲ್ಲ. ಕರೆ ಮಾಡಿದರು. ಅತ್ತ ಕಡೆಯ ವ್ಯಕ್ತಿ ಬಹಳ ವಿನಯದಿಂದ ಒಂದು ತಂತ್ರಾಂಶವನ್ನು ಇಳಿಸಿಕೊಳ್ಳಲು ಹೇಳಿ, ಅದರಲ್ಲಿ ಮೂಡಿದ ಅಂಕೆಗಳನ್ನು ಓದಿಸಿಕೊಂಡ. ಆ ಕ್ಷಣದಿಂದ ಮೌಸ್ ಬಾಣ ತಾನಾಗಿ ಚಲಿಸತೊಡಗಿತು. ಕಾಲೇಜಿನಿಂದ ಆಗಲೇ ಬಂದ ಮೊಮ್ಮಗಳು ಅದನ್ನು ಕಂಡು, ಏನೂ ಕೇಳದೆ, ರೌಟರಿನ ಪ್ಲಗ್ಗನ್ನು ಕಿತ್ತಳು.

ಹಣ ಹೋಗಲಿಲ್ಲ. ಆದರೆ ದೊಡ್ಡಪ್ಪನವರು ಮೂರು ದಿನ ಯಾರೊಡನೆಯೂ ಈ ಮಾತೆತ್ತಲಿಲ್ಲ. ಮೊಮ್ಮಗಳಿಗೂ ಹೇಳಬೇಡವೆಂದು ಆಣೆ ಹಾಕಿಸಿದ್ದರು. ನಾಲ್ಕನೆಯ ದಿನ ನಮಗೆ ದೂರವಾಣಿ ಮಾಡಿ, ತಗ್ಗಿದ ದನಿಯಲ್ಲಿ, “ತಮ್ಮಾ, ನಾ ಏನೋ ತಪ್ಪ ಒತ್ತೀನಿ ಅಂತ ಕಾಣಸ್ತದ” ಎಂದರು. ನಲವತ್ತು ವರ್ಷ ಇತರರ ತಪ್ಪುಗಳನ್ನು ತಿದ್ದಿದ ಹಿರಿಯರ ಬಾಯಿಂದ ಆ ಮಾತು ಕೇಳಿ ನಮಗೆ ಸಂಕಟವಾಯಿತು.

ಈಗ ಆ ಕೆಂಪು ಪರದೆಯ ನಿಜಸ್ಥಿತಿಯನ್ನು ನೋಡೋಣ. ಅದೂ ಒಂದು ಸಾಮಾನ್ಯ ಪುಟವೇ. ಅಂತರಜಾಲದ ಪುಟವೊಂದು ನಿಮ್ಮ ಕಡತಗಳನ್ನು ಶೋಧಿಸಿ ವೈರಸ್ ಇದೆಯೆಂದು ಹೇಳಲಾರದು. ಬ್ರೌಸರ್ ಅದಕ್ಕೆ ಆ ಪ್ರವೇಶವನ್ನು ಕೊಡುವುದಿಲ್ಲ. ಊರಿನ ಹೆಸರು ತಿಳಿದದ್ದಾದರೂ ಹೇಗೆ? ಸಂಪರ್ಕ ಪಡೆದ ಪ್ರತಿಯೊಂದು ಮನೆಗೂ ಸೇವಾಸಂಸ್ಥೆಯು ಒಂದು ಐಪಿ ವಿಳಾಸವನ್ನು ಕೊಟ್ಟಿರುತ್ತದೆ. ನಾವು ಯಾವ ಪುಟವನ್ನು ತೆರೆದರೂ ಆ ವಿಳಾಸ ಅವರಿಗೆ ಕಾಣುತ್ತದೆ, ಅದರಿಂದ ಊರನ್ನು ಸುಮಾರಾಗಿ ಊಹಿಸಬಹುದು. ಪುಟವು ಪರದೆಯನ್ನೆಲ್ಲ ಆವರಿಸಿ ಮೇಲಿನ ವಿಳಾಸದ ಪಟ್ಟಿಯನ್ನು ಮರೆಮಾಡಿರುವುದರಿಂದ ಯಂತ್ರವೇ ಮಾತನಾಡುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ತನ್ನ ನಿಜವಾದ ಎಚ್ಚರಿಕೆಯ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಸಂಖ್ಯೆ ಕಂಡಿತೆಂದರೆ ಮೋಸವೆಂದೇ ತಿಳಿಯತಕ್ಕದ್ದು.

ಕೀಲಿಮಣೆಯ ಎಡ ಮೂಲೆಯ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಪುಟ ಕುಗ್ಗಿ, ಮುಚ್ಚುವ ಗುರುತು ಕಾಣಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಎಫ್ 4 ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಇನ್ನೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿದಾಗ ಬರುವ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರಿನ ಹೆಸರನ್ನು ಆರಿಸಿ ‘ಎಂಡ್ ಟಾಸ್ಕ್’ ಎನ್ನಬೇಕು. ಗಾಬರಿಯಲ್ಲಿ ಇದೆಲ್ಲ ನೆನಪಿಗೆ ಬಾರದಿದ್ದರೆ ಯಂತ್ರವನ್ನೇ ಆರಿಸಿಬಿಡಿ. ಆರಿಸಬೇಡಿ ಎಂದು ಆ ಧ್ವನಿ ಕೂಗುವುದು ಆರಿಸಿದರೆ ತನ್ನ ಆಟ ಮುಗಿಯುವುದೆಂದೇ! ಮತ್ತೆ ಬ್ರೌಸರನ್ನು ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ’ ಎಂಬರ್ಥದ ‘ರಿಸ್ಟೋರ್’ ಗುಂಡಿ ಕಾಣಿಸಬಹುದು. ಅದನ್ನು ಮಾತ್ರ ಒತ್ತಬಾರದು; ಒತ್ತಿದರೆ ಅದೇ ಕೆಂಪು ಪುಟ ಎದ್ದು ಬರುತ್ತದೆ.

ಈಗಾಗಲೇ ಕರೆ ಮಾಡಿ ಯಂತ್ರದ ಹಿಡಿತವನ್ನು ಕೊಟ್ಟಾಗಿದ್ದರೆ ಮೊದಲು ಅಂತರಜಾಲದ ಸಂಪರ್ಕವನ್ನು ಕಡಿದುಹಾಕಬೇಕು. ನಂತರ ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಕೂಡಲೇ ಕರೆ ಮಾಡಬೇಕು. ಬ್ಯಾಂಕಿನ ಮತ್ತು ಮಿಂಚಂಚೆಯ ಗುಪ್ತಪದಗಳನ್ನು ಬೇರೆ ಯಂತ್ರದಿಂದ ಬದಲಿಸಿ, ಇಳಿಸಿಕೊಂಡ ತಂತ್ರಾಂಶವನ್ನು ತೆಗೆಸಿದ ಮೇಲೆಯೇ ಹಳೆಯ ಯಂತ್ರವನ್ನು ಮತ್ತೆ ಜೋಡಿಸುವುದು ಕ್ಷೇಮ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗ್ರಾಹಕರ ಹೊಣೆಯ ಕುರಿತು ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಗ್ರಾಹಕರು ಗುಪ್ತ ವಿವರಗಳನ್ನು ತಾವೇ ಹೇಳಿಬಿಟ್ಟ ಪ್ರಕರಣಗಳಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೆಂದೂ ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದೆಂದೂ ವಿಧಿಸಿತು. ಎಂದಮೇಲೆ ನಾಚಿಕೆಯಿಂದ ಮೂರು ದಿನ ಸುಮ್ಮನಿದ್ದರೆ ಆ ಮೂರು ದಿನದ ನಷ್ಟವೂ ನಮ್ಮದೇ. ಮನೆಯ ಕಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಹಿರಿಯರು ಇಂಥದ್ದನ್ನು ಹೇಳಲು ಬಂದಾಗ “ನಿಮಗೆ ಯಾರು ಮುಟ್ಟಂತ ಹೇಳಿದ್ರು” ಎಂದು ಗದರಬೇಡಿ. ಒಮ್ಮೆ ಗದರಿಸಿಕೊಂಡವರು ಎರಡನೆಯ ಸಲ ಹೇಳಲು ಬರುವುದಿಲ್ಲ.

ಈ ಕೆಂಪು ಪುಟಕ್ಕೆ ಒಬ್ಬ ಚಿಕ್ಕ ತಮ್ಮನಿದ್ದಾನೆ. ಪರದೆಯ ಕೆಳಗಿನ ಬಲಮೂಲೆಯಲ್ಲಿ ಗಳಿಗೆಗೊಮ್ಮೆ ಚೀಟಿಗಳು ಏಳುತ್ತವೆ: ನಿಮಗೆ ಬಹುಮಾನ ಬಂದಿದೆ, ನಿಮ್ಮ ವೈರಸ್ ರಕ್ಷಣೆ ಮುಗಿದಿದೆ, ಇತ್ಯಾದಿ. ಬ್ರೌಸರಿನಲ್ಲಿ ಯಾವ ಪುಟವನ್ನೂ ತೆರೆಯದಿದ್ದಾಗಲೂ ಇವು ಬರುವುದನ್ನು ಕಂಡು ಯಂತ್ರ ಕೆಟ್ಟಿತೆಂದು ಅನೇಕರು ತಿಳಿಯುತ್ತಾರೆ. ಹೆಚ್ಚಿನ ಪ್ರಸಂಗಗಳಲ್ಲಿ ಇವು ನಾವೇ ಕೊಟ್ಟ ಅನುಮತಿಯ ಫಲ. ‘ನೀವು ಯಂತ್ರವಲ್ಲ, ಮನುಷ್ಯರೆಂದು ತೋರಿಸಲು ಅಲೋ ಒತ್ತಿ’ ಎಂದು ಯಾವುದೋ ಪುಟ ಹೇಳಿರುತ್ತದೆ. ನಾವು ಒತ್ತಿರುತ್ತೇವೆ. ಆ ಪುಟಕ್ಕೆ ಚೀಟಿ ಕಳುಹಿಸುವ ಹಕ್ಕು ಅಂದೇ ಸಿಕ್ಕಿರುತ್ತದೆ. ಕ್ರೋಮಿನ ಬಲಮೇಲ್ತುದಿಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ, ‘ಸೆಟ್ಟಿಂಗ್ಸ್’, ಅದರೊಳಗೆ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಕೊನೆಗೆ ‘ನೋಟಿಫಿಕೇಷನ್ಸ್’ ಎಂಬಲ್ಲಿಗೆ ಹೋದರೆ ಅನುಮತಿ ಪಡೆದವರ ಪಟ್ಟಿ ಸಿಗುತ್ತದೆ. ಪರಿಚಯವಿಲ್ಲದ ಹೆಸರುಗಳನ್ನೆಲ್ಲ ಅಳಿಸಿಬಿಡಬಹುದು. ದೊಡ್ಡಪ್ಪನವರ ಪಟ್ಟಿಯಲ್ಲಿ ಹದಿನೇಳು ಹೆಸರುಗಳಿದ್ದವು. ಅವುಗಳಲ್ಲಿ ಅವರು ಗುರುತು ಹಿಡಿದದ್ದು ಒಂದನ್ನು ಮಾತ್ರ, ಅದು ಅವರು ಓದುವ ವೃತ್ತಪತ್ರಿಕೆ.

ಇನ್ನು ಎರಡನೆಯ ಪೆಟ್ಟಿನ ಸಂಗತಿ. ಇದು ನಮ್ಮ ಸ್ವಂತ ಮನೆಯದು. ಒಂದು ಬೆಳಿಗ್ಗೆ ಯಾವ ಪುಟವೂ ತೆರೆಯಲೊಲ್ಲದು. ಬ್ಯಾಂಕು, ವೃತ್ತಪತ್ರಿಕೆ, ಮಿಂಚಂಚೆ, ಎಲ್ಲೆಡೆಯೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬರ್ಥದ ಒಂದೇ ಎಚ್ಚರಿಕೆ. ಯಂತ್ರವನ್ನು ಹತ್ತಿರದ ಅಂಗಡಿಗೆ ಒಯ್ದೆವು. ಅಲ್ಲಿಯ ಹುಡುಗ ಎರಡು ನಿಮಿಷ ನೋಡಿ, “ಫಾರ್ಮ್ಯಾಟ್ ಮಾಡಬೇಕ್ರಿ” ಎಂದ. ಆಗಲಿ ಎಂದೆವು. ಹಾಗೆಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸುವುದೆಂದು ನಮಗೆ ಆಗ ಹೊಳೆಯಲಿಲ್ಲ, ಆತನೂ ಕೇಳಲಿಲ್ಲ. ನಮ್ಮ ತಂದೆಯವರು ಎರಡು ವರ್ಷ ಊರೂರು ತಿರುಗಿ, ಹಿರಿಯರನ್ನು ಕೇಳಿ, ತಾವೇ ಬೆರಳಚ್ಚು ಮಾಡಿ ಸಿದ್ಧಪಡಿಸಿದ್ದ ಮನೆತನದ ವಂಶಾವಳಿ ಆ ಯಂತ್ರದಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ಅವರಿಗೆ ಮಾಹಿತಿ ಕೊಟ್ಟ ಹಿರಿಯರಲ್ಲಿ ಈಗ ಇಬ್ಬರು ಇಲ್ಲ.

ವಾರ ಕಳೆಯುವುದರೊಳಗೆ ಅದೇ ಎಚ್ಚರಿಕೆ ಮತ್ತೆ ಬಂತು. ಆಗ ಮಗ ಪರದೆಯ ಕೆಳಮೂಲೆಯನ್ನು ತೋರಿಸಿದ: ಯಂತ್ರದ ಗಡಿಯಾರ 2010ರ ಜನವರಿ 1 ಎನ್ನುತ್ತಿತ್ತು!

ಇದರ ಕಾರಣ ತಿಳಿಯುವುದು ಕಠಿಣವಲ್ಲ. ಸುರಕ್ಷಿತ ತಾಣಗಳೆಲ್ಲ ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ಹೊಂದಿರುತ್ತವೆ. ರೈಲಿನ ಪಾಸಿನಂತೆ ಅದರ ಮೇಲೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಬ್ರೌಸರು ಆ ದಿನಾಂಕಗಳನ್ನು ನಮ್ಮ ಯಂತ್ರದ ಗಡಿಯಾರದೊಡನೆ ಹೋಲಿಸುತ್ತದೆ. ಗಡಿಯಾರ 2010 ಎಂದರೆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಆದುದರಿಂದ ಎಲ್ಲ ತಾಣಗಳೂ ಒಮ್ಮೆಲೇ ಅನುಮಾನಾಸ್ಪದವಾಗುತ್ತವೆ. ಈ ಪತ್ರಗಳ ಅವಧಿಯೂ ಕಿರಿದಾಗುತ್ತ ಬಂದಿದೆ. 2020ರ ಸೆಪ್ಟೆಂಬರಿನಿಂದ ಗರಿಷ್ಠ 398 ದಿನವೆಂದು ಕಟ್ಟು ಮಾಡಲಾಯಿತು. 2029ರ ಹೊತ್ತಿಗೆ ಹಂತಹಂತವಾಗಿ 47 ದಿನಕ್ಕೆ ಇಳಿಸುವುದೆಂದು 2025ರ ಏಪ್ರಿಲಿನಲ್ಲಿ ನಿರ್ಧಾರವಾಯಿತು. ಹಾಗಾಗಿ ಗಡಿಯಾರ ಕೆಲವು ತಿಂಗಳು ಹಿಂದೆ ಬಿದ್ದರೂ ತೊಂದರೆ ತಪ್ಪಿದ್ದಲ್ಲ.

ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವುದು ಒಳಗಿನ ಒಂದು ಪುಟ್ಟ ಬ್ಯಾಟರಿ. ಮೇಜಿನ ಮೇಲಿಡುವ ಬಹುತೇಕ ಯಂತ್ರಗಳಲ್ಲಿ ಅದು ‘ಸಿಆರ್ 2032’ ಎಂಬ ನಾಣ್ಯದಂತಹದು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನು ಆ ಅಂಕೆಗಳೇ ಹೇಳುತ್ತವೆ. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ಚನ್ನೂ ಆರಿಸುವ ಮಿತವ್ಯಯದ ಮನೆಗಳಲ್ಲಿ ಇದು ಬೇಗ ಸವೆಯುತ್ತದೆ. ನಮ್ಮದು ಅಂಥ ಮನೆ. ಕೈಗಡಿಯಾರದ ಅಂಗಡಿಯಲ್ಲಿಯೂ ಅಲ್ಪ ಬೆಲೆಗೆ ಸಿಗುವ ಆ ಬ್ಯಾಟರಿಯನ್ನು ಬದಲಿಸಿ, ವಿಂಡೋಸಿನ ‘ಡೇಟ್ ಆ್ಯಂಡ್ ಟೈಮ್’ ಎಂಬಲ್ಲಿ ‘ಸಿಂಕ್ ನೌ’ ಒತ್ತಿದೊಡನೆ ಎಲ್ಲ ಪುಟಗಳೂ ತೆರೆದುಕೊಂಡವು. ವಂಶಾವಳಿ ಮಾತ್ರ ಬರಲಿಲ್ಲ. ಅಂಗಡಿಯ ಹುಡುಗನನ್ನು ದೂರಿ ಏನು ಪ್ರಯೋಜನ? ‘ಒಳಗೆ ಏನಾದರೂ ಬೇಕಾದದ್ದು ಇದೆಯೇ’ ಎಂದು ಅವನು ಕೇಳಬೇಕಾಗಿತ್ತು, ನಾವು ಹೇಳಬೇಕಾಗಿತ್ತು. ತಂದೆಯವರು ಏನೂ ಅನ್ನಲಿಲ್ಲ. ಈಗ ನೋಟುಬುಕ್ಕಿನಲ್ಲಿ, ಕೈಬರಹದಲ್ಲಿ, ನೆನಪಿದ್ದಷ್ಟನ್ನು ಮತ್ತೆ ಬರೆಯುತ್ತಿದ್ದಾರೆ.

ಒಂದು ಭೇದವನ್ನು ಗಮನಿಸಬೇಕು. ಎಲ್ಲ ತಾಣಗಳಲ್ಲಿಯೂ ಎಚ್ಚರಿಕೆ ಬಂದರೆ ಮೊದಲು ನಮ್ಮ ಗಡಿಯಾರವನ್ನು ನೋಡಬೇಕು. ಒಂದೇ ತಾಣದಲ್ಲಿ ಬಂದರೆ ಆ ತಾಣದವರ ಪತ್ರದ ಅವಧಿ ಮುಗಿದಿರಬಹುದು, ಅಥವಾ ಅದು ನಕಲಿ ತಾಣವೇ ಆಗಿರಬಹುದು. ಅಂಥಲ್ಲಿ ‘ಅಡ್ವಾನ್ಸ್ಡ್’ ಒತ್ತಿ ‘ಆದರೂ ಮುಂದುವರಿಯಿರಿ’ ಎಂಬ ದಾರಿಯನ್ನು ಹಿಡಿಯಬಾರದು; ಬ್ಯಾಂಕಿನ ಪುಟದಲ್ಲಂತೂ ಸರ್ವಥಾ ಕೂಡದು.

ಎಚ್ಚರಿಕೆಯೇನೂ ಇಲ್ಲದೆ, ಒಂದೇ ಒಂದು ತಾಣ ಮಾತ್ರ ಅರ್ಧ ತೆರೆದು ನಿಲ್ಲುವುದು, ಹಳೆಯ ಪುಟವನ್ನೇ ತೋರಿಸುವುದು, ಪ್ರವೇಶಿಸಿದೊಡನೆ ಹೊರಕ್ಕೆ ತಳ್ಳುವುದು, ಇವು ಇನ್ನೊಂದು ಜಾತಿಯ ತೊಂದರೆಗಳು. ಬ್ರೌಸರು ವೇಗಕ್ಕಾಗಿ ಚಿತ್ರ ಮತ್ತಿತರ ಸಾಮಗ್ರಿಯ ಪ್ರತಿಗಳನ್ನು ಉಗ್ರಾಣದಲ್ಲಿ ಕೂಡಿಡುತ್ತದೆ. ಇದಕ್ಕೆ ಕ್ಯಾಷ್ ಎನ್ನುವರು. ಅಲ್ಲದೆ ಪ್ರತಿಯೊಂದು ತಾಣವೂ ನಮ್ಮ ಗುರುತಿನ ಚೀಟಿಯೊಂದನ್ನು ನಮ್ಮ ಯಂತ್ರದಲ್ಲಿಯೇ ಇಡುತ್ತದೆ, ಇದು ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬವರು ರೂಪಿಸಿದ ಉಪಾಯವಿದು. ಉಗ್ರಾಣದ ಸಾಮಗ್ರಿ ಹಳಸಿದಾಗ, ಚೀಟಿ ಕೆಟ್ಟಾಗ, ಇಂಥ ತೊಂದರೆಗಳು ಹುಟ್ಟುತ್ತವೆ.

ಪರೀಕ್ಷೆಗೆ ಸುಲಭವಾದ ದಾರಿಯೊಂದಿದೆ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಕೀಲಿಗಳನ್ನೂ ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಕೀಲಿಗಳನ್ನೂ ಒತ್ತಿದರೆ ಒಂದು ಖಾಸಗಿ ಕಿಟಕಿ ತೆರೆಯುತ್ತದೆ. ಹಳೆಯ ಚೀಟಿಗಳು ಅದರೊಳಗೆ ಬರುವುದಿಲ್ಲ; ಬ್ರೌಸರಿಗೆ ಅಂಟಿಸಿಕೊಂಡ ‘ಎಕ್ಸ್‌ಟೆನ್ಷನ್’ ಎಂಬ ಉಪಕರಣಗಳೂ, ನಾವು ಬೇರೆ ಹೇಳದ ಹೊರತು, ಅಲ್ಲಿ ಕೆಲಸ ಮಾಡುವುದಿಲ್ಲ. ತೊಂದರೆಯ ಪುಟ ಈ ಕಿಟಕಿಯಲ್ಲಿ ಸರಿಯಾಗಿ ತೆರೆದರೆ ದೋಷ ಕ್ಯಾಷ್, ಕುಕಿ ಅಥವಾ ಎಕ್ಸ್‌ಟೆನ್ಷನ್‌ಗಳಲ್ಲಿದೆ. ಇಲ್ಲಿಯೂ ತೆರೆಯದಿದ್ದರೆ ಫೋನಿನಲ್ಲಿ, ವೈಫೈ ಆರಿಸಿ, ಅದೇ ಪುಟವನ್ನು ನೋಡಿರಿ. ಅಲ್ಲಿಯೂ ಇಲ್ಲವೆಂದರೆ ಹೆಚ್ಚಾಗಿ ತಾಣವೇ ಮಲಗಿರುತ್ತದೆ. ಅರ್ಜಿಯ ಕೊನೆಯ ದಿನಗಳಲ್ಲಿ ಇದು ನಡೆಯುವುದುಂಟು. ಫೋನಿನಲ್ಲಿ ಮಾತ್ರ ತೆರೆದರೆ ರೌಟರನ್ನು ಒಂದು ನಿಮಿಷ ಆರಿಸಿ ಹೊತ್ತಿಸಿ ನೋಡಬಹುದು.

ಖಾಸಗಿ ಕಿಟಕಿಯಲ್ಲಿ ತೆರೆದ ಪುಟಕ್ಕೆ ಮೊದಲು ಕಂಟ್ರೋಲ್ ಮತ್ತು ಎಫ್ 5 ಒತ್ತಿ ನೋಡಬೇಕು. ಪುಟ ಹೊಸದಾಗಿ ಇಳಿಯುತ್ತದೆ. ಸಾಲದಿದ್ದರೆ ವಿಳಾಸದ ಎಡಗಡೆಯ ಪುಟ್ಟ ಗುರುತನ್ನು ಒತ್ತಿ, ಆ ಒಂದು ತಾಣದ ಕುಕಿಗಳನ್ನು ಮಾತ್ರ ಅಳಿಸಬೇಕು. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ ಎಲ್ಲವನ್ನೂ ಗುಡಿಸಿಹಾಕಿ ಎಂದು ಸಲಹೆ ಕೊಡುವವರು ಬಹಳ ಮಂದಿ. ನಮಗೆ ಅದು ಸರಿಬೀಳದು. ಕುಕಿಗಳೆಲ್ಲ ಹೋದರೆ ಪ್ರತಿಯೊಂದು ತಾಣದಲ್ಲಿಯೂ ಗುಪ್ತಪದ ಕೊಟ್ಟು ಮತ್ತೆ ಪ್ರವೇಶಿಸಬೇಕಾಗುತ್ತದೆ. ವರ್ಷಗಳ ಹಿಂದೆ ಯಾರೋ ಹಾಕಿಕೊಟ್ಟ ಗುಪ್ತಪದ ಮನೆಯ ಹಿರಿಯರಿಗೆ ನೆನಪಿರುವುದುಂಟೆ? ಅಳಿಸಲೇಬೇಕಾದರೆ ‘ಕ್ಯಾಷ್ಡ್ ಇಮೇಜಸ್ ಆ್ಯಂಡ್ ಫೈಲ್ಸ್’ ಎಂಬುದಕ್ಕೆ ಮಾತ್ರ ಗುರುತು ಹಾಕಿ, ‘ಪಾಸ್‌ವರ್ಡ್ಸ್’ ಎಂಬುದಕ್ಕೆ ಗುರುತಿದ್ದರೆ ತೆಗೆಯಿರಿ.

ಎಕ್ಸ್‌ಟೆನ್ಷನ್‌ಗಳ ಬಗೆಗೆ ಹೇಳುವುದು ಸ್ವಲ್ಪವೇ. ಹುಡುಕುವ ಪುಟ ತಾನಾಗಿ ಬದಲಾಗಿದ್ದರೆ, ಎಲ್ಲಿ ಒತ್ತಿದರೂ ಜಾಹೀರಾತು ತೆರೆದರೆ, ಹಾಡೋ ಪುಸ್ತಕವೋ ಬಿಟ್ಟಿಯಾಗಿ ಇಳಿಸಿಕೊಳ್ಳುವಾಗ ಜೊತೆಗೆ ಬಂದ ಅತಿಥಿ ಇದೆಂದು ತಿಳಿಯಿರಿ. ಎಲ್ಲವನ್ನೂ ನಿಲ್ಲಿಸಿ, ಒಂದೊಂದಾಗಿ ಆರಂಭಿಸಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಅಕ್ಷರ ಏಕಾಏಕಿ ದೊಡ್ಡದಾಗಿದ್ದರೆ ಅಥವಾ ಇರುವೆಯಷ್ಟಾಗಿದ್ದರೆ ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಸಾಕು. ಮೇಲಿನ ಪಟ್ಟಿಯೆಲ್ಲ ಮಾಯವಾಗಿದ್ದರೆ ಎಫ್ 11. ಹಣ ಕಟ್ಟಿದ ರಸೀದಿ ಅಥವಾ ಅರ್ಜಿಯ ಮುದ್ರಣದ ಪುಟ ತೆರೆಯದಿದ್ದರೆ ಎರಡನೆಯ ಸಲ ಹಣ ಕಟ್ಟುವ ಮುನ್ನ ವಿಳಾಸದ ಪಟ್ಟಿಯ ಬಲತುದಿಯನ್ನು ನೋಡಿರಿ. ‘ಪಾಪ್‌ಅಪ್’ ತಡೆಹಿಡಿಯಲಾಗಿದೆ ಎಂಬ ಚಿಕ್ಕ ಗುರುತು ಅಲ್ಲಿರಬಹುದು.

ಕನ್ನಡದ ಪುಟವೊಂದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಂಡರೆ ಅದು ಬ್ರೌಸರಿನ ದೋಷವಲ್ಲ. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕುಳಿತಿದ್ದವು. ಆ ಅಕ್ಷರಶೈಲಿ ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಅಕ್ಷರಗಳ ಬದಲು ಬರಿಯ ಚೌಕಗಳು ಕಂಡರೆ ಯೂನಿಕೋಡ್ ಕನ್ನಡದ ಅಕ್ಷರಶೈಲಿಯೇ ಯಂತ್ರದಲ್ಲಿಲ್ಲವೆಂದು ಅರ್ಥ.

ಹಳೆಯ ಯಂತ್ರವಿರುವವರು ಕೇಳಬೇಕಾದ ಕಹಿ ಮಾತೊಂದಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಸೇವೆಯನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿಲ್ಲಿಸಿತು. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮಿನ 109ನೆಯ ಆವೃತ್ತಿಯೇ ಕೊನೆಯದು. 2023ರ ಫೆಬ್ರವರಿಯಲ್ಲಿ ಬಂದ 110 ಅವುಗಳಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಗಳಲ್ಲಿ ಹೊಸ ತಾಣಗಳು ತೆರೆಯದಿದ್ದರೆ ಮೇಲಿನ ಯಾವ ಚಿಕಿತ್ಸೆಯೂ ನಾಟದು. ಓದು, ಬರವಣಿಗೆಗೆ ಅವನ್ನು ಇಟ್ಟುಕೊಳ್ಳಿ. ಬ್ಯಾಂಕಿನ ವ್ಯವಹಾರಕ್ಕೆ ಬೇಡ.

ದೊಡ್ಡಪ್ಪನವರ ಯಂತ್ರದ ಬದಿಯಲ್ಲಿ ಈಗ ಮೊಮ್ಮಗಳು ಬರೆದು ಅಂಟಿಸಿದ ಚೀಟಿಯಿದೆ: ಎಸ್ಕೇಪ್, ಆಲ್ಟ್ ಎಫ್ 4, 1930, ಕೊನೆಗೆ ಅವಳ ಫೋನ್ ಸಂಖ್ಯೆ. ಕಳೆದ ತಿಂಗಳು ಕೆಂಪು ಪರದೆ ಇನ್ನೊಮ್ಮೆ ಬಂದಿತ್ತಂತೆ. ಕೀಲಿಗಳನ್ನೆಲ್ಲ ಬಿಟ್ಟು ನೇರವಾಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದೆನೆಂದು ಅವರು ನಮಗೆ ಅಂದೇ ಸಂಜೆ ತಿಳಿಸಿದರು.

ಸ್ಥಳದ ಅಭಾವದಿಂದ ಪ್ರಿಂಟರಿನ ಕುರಿತಾದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿದ್ದೇವೆ.